ಮದುವೆಗೆ ಮುಂಚೆ ನಾಲ್ಕು ರಾತ್ರಿ ವಿದೇಶದಲ್ಲಿ: ಒಂದು ಊರು, ಒಂದು ವಸತಿ, ಒಂದು ನೇರ ವಿಮಾನ

ಪ್ರಶ್ನೆ: ನಮ್ಮ ಮದುವೆಗೆ ಇನ್ನು ಹನ್ನೊಂದು ವಾರ ಇದೆ. ಹಾಲ್, ಊಟ, ಬಟ್ಟೆ, ಅತಿಥಿ ಪಟ್ಟಿ ಬಿಟ್ಟು ನಾವಿಬ್ಬರೂ ಬೇರೆ ಮಾತಾಡಿ ತಿಂಗಳಾಯಿತು. ಮಾತಾಡಿದರೂ ಕೊನೆಗೆ ಜಗಳವೇ. ನಾಲ್ಕೈದು ದಿನ ಎಲ್ಲಾದರೂ ವಿದೇಶಕ್ಕೆ ಹೋಗಿ ಬರೋಣ ಅನ್ನಿಸುತ್ತಿದೆ. ಹಣವೆಲ್ಲ ಮದುವೆಗೇ ಎತ್ತಿಟ್ಟಿರುವುದರಿಂದ ಕೈ ಬಿಗಿಯಾಗಿದೆ. ಇಂಥ ಹೊತ್ತಲ್ಲಿ ಹೋಗುವುದು ಸರಿಯೇ? ಹೋಗುವುದಾದರೆ ಯಾವಾಗ, ಎಲ್ಲಿಗೆ, ಖರ್ಚು ಹಿಡಿತದಲ್ಲಿಡುವುದು ಹೇಗೆ?

ಉತ್ತರ: ಹೋಗಿ ಬನ್ನಿ. ಹನ್ನೊಂದು ವಾರ ಕೈಯಲ್ಲಿರುವಾಗ ಇದು ಸಾಧ್ಯವಿರುವ ಕೆಲಸ. ಆದರೆ ಟಿಕೆಟ್ ಹುಡುಕುವ ಮೊದಲು ಒಂದು ಮಾತು. ಮದುವೆ ತಯಾರಿಯಲ್ಲಿ ಜನ ಸುಸ್ತಾಗುವುದು ಓಡಾಟಕ್ಕಿಂತ ಹೆಚ್ಚಾಗಿ ತೀರ್ಮಾನ ಮಾಡಿ ಮಾಡಿ. ಯಾರನ್ನು ಕರೆಯಬೇಕು, ಯಾರಿಗೆ ಮುಂಗಡ ಕೊಡಬೇಕು, ಯಾರ ಮಾತಿಗೆ ಹೂಂ ಅನ್ನಬೇಕು, ಹೀಗೆ ದಿನಕ್ಕೆ ಹತ್ತಾರು. ಕಡಿಮೆ ದುಡ್ಡಿನ ಪ್ರವಾಸಕ್ಕೂ ಇದೇ ಗುಣವಿದೆ. ಎರಡು ವಿಮಾನ ಬದಲಿಸಿ, ಮೂರು ಊರು ಸುತ್ತಿ, ರಾತ್ರಿಗೊಂದು ಕೋಣೆ ಹಿಡಿದು ಹಣ ಉಳಿಸಲು ಹೊರಟರೆ, ಮನೆಯಲ್ಲಿ ಬಿಟ್ಟುಬಂದ ತಲೆಭಾರವನ್ನೇ ಬೇರೆ ದೇಶದಲ್ಲಿ ಹೊತ್ತುಕೊಂಡಂತಾಗುತ್ತದೆ. ಹಾಗಾಗಿ ಹಣ ಉಳಿಸುವ ಯಾವುದೇ ಉಪಾಯ ಕಂಡರೂ, ಅದು ನಿಮ್ಮಿಂದ ಎಷ್ಟು ಹೊಸ ತೀರ್ಮಾನ ಕೇಳುತ್ತದೆ ಎಂದು ಮೊದಲು ನೋಡಿ. ಒಂದು ಊರು, ಒಂದು ವಸತಿ, ಒಂದು ನೇರ ವಿಮಾನ, ನಾಲ್ಕು ರಾತ್ರಿ: ಇಷ್ಟರೊಳಗೆ ಉಳಿಸಬಹುದಾದದ್ದನ್ನು ಉಳಿಸಿ. ಇದರಾಚೆಗಿನ ಉಳಿತಾಯ ಈ ಸಲ ಬೇಡ.

ಎರಡು ರಾತ್ರಿಗೆ ವಿದೇಶ ಪ್ರಯಾಣ ಮಾಡುವುದು ವ್ಯರ್ಥ. ಹೋಗುವ ದಿನ, ಬರುವ ದಿನ ಎರಡೂ ವಿಮಾನ ನಿಲ್ದಾಣದಲ್ಲೇ ಕಳೆದುಹೋಗಿ, ನಡುವೆ ಒಂದೇ ದಿನ ಸಿಗುತ್ತದೆ. ನಾಲ್ಕು ರಾತ್ರಿ ಎಂದರೆ ಮೂರು ಪೂರ್ತಿ ದಿನ. ಮೊದಲ ದಿನ ನಿದ್ದೆಗೆ ಹೋದರೂ ಎರಡು ದಿನ ನಿಮ್ಮದು. ಆರು ರಾತ್ರಿ ದಾಟಿದರೆ ಮತ್ತೊಂದು ತೊಂದರೆ: ಅಷ್ಟು ದಿನ ಮದುವೆ ಕೆಲಸ ತಡೆದು ನಿಲ್ಲಿಸಲಾಗದೆ ಫೋನ್ ಕರೆ ಶುರುವಾಗುತ್ತವೆ.

ಯಾವಾಗ ಹೊರಡಬೇಕು

ಮದುವೆಗೆ ಎಂಟರಿಂದ ಐದು ವಾರ ಇರುವಾಗ. ನಿಮ್ಮ ಲೆಕ್ಕದಲ್ಲಿ, ಇವತ್ತಿನಿಂದ ಮೂರು ವಾರ ಕಳೆದ ಮೇಲೆ ಮತ್ತು ಆರು ವಾರ ಮುಗಿಯುವುದರೊಳಗೆ. ಆ ಹೊತ್ತಿಗೆ ದೊಡ್ಡ ಕೆಲಸಗಳು, ಅಂದರೆ ಸ್ಥಳ, ಅಡುಗೆಯವರು, ಫೋಟೊದವರು, ಆಮಂತ್ರಣ ಪತ್ರಿಕೆ, ಒಂದು ಹಂತಕ್ಕೆ ಬಂದಿರುತ್ತವೆ. ಬರುವವರ ಅಂತಿಮ ಲೆಕ್ಕ, ಬಟ್ಟೆಯ ಕೊನೆಯ ಅಳತೆ, ಬಾಕಿ ಹಣದ ಕಂತುಗಳು ಇನ್ನೂ ಬಂದಿರುವುದಿಲ್ಲ. ಬಟ್ಟೆ ಹೊಲಿಯುವವರಿಗೆ ಕೊನೆಯ ಅಳತೆ ಕೊಡುವುದನ್ನು ಪ್ರವಾಸದ ನಂತರಕ್ಕೆ ಇಟ್ಟುಕೊಳ್ಳಿ.

ಕೊನೆಯ ಮೂರು ವಾರದಲ್ಲಿ ಮಾತ್ರ ಗಡಿ ದಾಟಲೇಬೇಡಿ, ಟಿಕೆಟ್ ಎಷ್ಟೇ ಅಗ್ಗವಿರಲಿ. ಕಾರಣ ಆರೋಗ್ಯ. ಡೆಂಗಿ ಹರಡುವ ಸೊಳ್ಳೆ ಕಚ್ಚಿದರೆ ಜ್ವರ ಕಾಣಿಸಲು ಸಾಮಾನ್ಯವಾಗಿ 4ರಿಂದ 10 ದಿನ ಬೇಕು; ಜ್ವರ ಬಿಟ್ಟ ಮೇಲೂ ನಿಶ್ಶಕ್ತಿ ವಾರಗಟ್ಟಲೆ ಉಳಿಯಬಹುದು. ಅಂದರೆ ಪ್ರವಾಸದ ಕೊನೆಯ ಸಂಜೆ ಕಚ್ಚಿದ ಸೊಳ್ಳೆಯ ಫಲ ಮನೆಗೆ ಬಂದು ಒಂದು ವಾರದ ಮೇಲೆ ಗೊತ್ತಾಗುತ್ತದೆ. ಹೊಟ್ಟೆ ಕೆಟ್ಟರೆ ಮೂರ್ನಾಲ್ಕು ದಿನದಲ್ಲಿ ಸರಿಹೋಗುತ್ತದೆ, ನೆಗಡಿ ಕೆಮ್ಮು ಒಂದೆರಡು ವಾರ. ಬಿಸಿಲಿಗೆ ಸುಟ್ಟ ಚರ್ಮ ಸುಲಿದು ಸಮಬಣ್ಣಕ್ಕೆ ಬರಲು ಎರಡು ವಾರಕ್ಕೂ ಹೆಚ್ಚು ಹಿಡಿಯಬಹುದು. ಇವೆಲ್ಲ ಮದುವೆಯ ದಿನ ಮುಟ್ಟದಂತೆ ನೋಡಿಕೊಳ್ಳಲು ಮೂರು ವಾರ ಬೇಕೇ ಬೇಕು.

ವಿವಾಹ ನೋಂದಣಿಯ ಕಾನೂನಿನ ದಿನಾಂಕಗಳನ್ನೂ ನೋಡಿಕೊಳ್ಳಿ. ಹಲವು ಕಡೆ ಮುಂಚಿತವಾಗಿ ನೋಟಿಸ್ ಕೊಡಬೇಕು, ಅದೂ ಖುದ್ದಾಗಿ ಹೋಗಿ. ಉದಾಹರಣೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಟಿಸ್ ಕೊಟ್ಟು ಕನಿಷ್ಠ 28 ದಿನ ಕಳೆಯಬೇಕು. ನಿಮ್ಮಲ್ಲಿ ಇಂಥ ನಿಯಮವಿದ್ದರೆ ಆ ಕೆಲಸ ಮುಗಿಸಿಯೇ ಹೊರಡಿ.

ಪಾಸ್‌ಪೋರ್ಟ್ ಒಂದೇ, ವೀಸಾ ಎರಡು

ಮದುವೆಗೆ ಸಿದ್ಧರಾಗುತ್ತಿರುವ ಜೋಡಿಗಳು ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮದುವೆಯಾದ ಮೇಲಿನ ಹನಿಮೂನ್‌ಗೆ ವೀಸಾ ಬೇಕಿದ್ದರೆ, ಆ ಅರ್ಜಿಯ ಜೊತೆ ಪಾಸ್‌ಪೋರ್ಟ್ ದೂತಾವಾಸಕ್ಕೆ ಹೋಗುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಅರ್ಜಿಗೆ ಸಾಮಾನ್ಯ ಅವಧಿ 15 ದಿನ, ಹೆಚ್ಚಿನ ದಾಖಲೆ ಕೇಳಿದರೆ 45 ದಿನದವರೆಗೂ ಎಳೆಯಬಹುದು. ಆ ಪಾಸ್‌ಪೋರ್ಟ್ ಅಲ್ಲಿರುವಾಗ ನೀವು ಈ ಸಣ್ಣ ಪ್ರವಾಸಕ್ಕೆ ಹೊರಡುವಂತಿಲ್ಲ. ಪ್ರವಾಸ ಮುಗಿಸಿ ಬಂದು ಅರ್ಜಿ ಹಾಕೋಣ ಎಂದರೆ ಹನಿಮೂನ್ ದಿನಾಂಕ ಹತ್ತಿರ ಬಂದಿರುತ್ತದೆ. ಹಾಗಾಗಿ ಕ್ಯಾಲೆಂಡರ್‌ನಲ್ಲಿ ಮೊದಲು ಹನಿಮೂನ್ ವೀಸಾದ ಅರ್ಜಿ ದಿನ ಗುರುತಿಸಿ, ಆಮೇಲೆ ಇದನ್ನು ಕೂರಿಸಿ. ಷೆಂಗೆನ್‌ಗೆ ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ಆ ಕೆಲಸ ಈಗಲೇ ಮುಗಿದು ಪಾಸ್‌ಪೋರ್ಟ್ ಕೈಗೆ ಬಂದಿದ್ದರೆ ಚಿಂತೆಯಿಲ್ಲ.

ಈ ಸಣ್ಣ ಪ್ರವಾಸಕ್ಕಂತೂ ವೀಸಾ ಬೇಡದ ದೇಶ, ಇಲ್ಲವೇ ಮನೆಯಲ್ಲೇ ಕೂತು ಇ-ವೀಸಾ ತೆಗೆಯಬಹುದಾದ ದೇಶವನ್ನೇ ಆರಿಸಿ. ಹನ್ನೊಂದು ವಾರದೊಳಗೆ ಅಪಾಯಿಂಟ್‌ಮೆಂಟ್ ಹಿಡಿದು, ಬ್ಯಾಂಕ್ ದಾಖಲೆ ಹೊಂದಿಸಿ, ಕಾದು ಕೂರುವ ವೀಸಾ ಈ ಪ್ರವಾಸದ ಉದ್ದೇಶಕ್ಕೇ ವಿರುದ್ಧ. ವೀಸಾ ಬೇಡದಿದ್ದರೂ ಆನ್‌ಲೈನ್ ಅನುಮತಿ ಕೇಳುವ ದೇಶಗಳಿವೆ: ಅಮೆರಿಕದ ಎಸ್ಟಾ, ಬ್ರಿಟನ್‌ನ ಇಟಿಎ, ನ್ಯೂಜಿಲೆಂಡ್‌ನ ಎನ್‌ಜೆಡ್‌ಇಟಿಎ ಇಂಥವು. ಇವನ್ನು ಆಯಾ ಸರ್ಕಾರದ ಅಧಿಕೃತ ತಾಣದಲ್ಲೇ ತುಂಬಿ. ಹುಡುಕಿದಾಗ ಮೇಲೆಯೇ ಕಾಣುವ ಜಾಹೀರಾತಿನ ತಾಣಗಳು ಅದೇ ಅರ್ಜಿಗೆ ಹಲವು ಪಟ್ಟು ಶುಲ್ಕ ಹಿಡಿಯುತ್ತವೆ.

ಪಾಸ್‌ಪೋರ್ಟ್ ಅವಧಿ ಮುಗಿದಿಲ್ಲ ಎಂದ ಮಾತ್ರಕ್ಕೆ ಸಾಲದು. ಹಲವು ದೇಶಗಳು ಅಲ್ಲಿಗೆ ಇಳಿದ ದಿನದಿಂದ ಇನ್ನೂ 6 ತಿಂಗಳು ಅವಧಿ ಇರಬೇಕು ಎನ್ನುತ್ತವೆ. ಷೆಂಗೆನ್ ದೇಶಗಳಿಗೆ ಹೊರಬೀಳುವ ದಿನದಿಂದ 3 ತಿಂಗಳು ಇರಬೇಕು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು. ಇಬ್ಬರ ಪಾಸ್‌ಪೋರ್ಟನ್ನೂ ಇವತ್ತೇ ತೆಗೆದು ನೋಡಿ. ಮದುವೆಯ ನಂತರ ಹೆಸರು ಬದಲಿಸುವ ಯೋಚನೆ ಇದ್ದರೆ ಈಗ ಅದಕ್ಕೆ ಕೈ ಹಾಕಬೇಡಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೆಸರು ತುಂಬುವಾಗ ಪಾಸ್‌ಪೋರ್ಟಿನ ಫೋಟೊ ಪುಟದ ಅಡಿಯಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತದಲ್ಲ, ಅದನ್ನು ನೋಡಿ ತುಂಬಿ. ಯಂತ್ರ ಓದುವುದು ಅದನ್ನೇ.

ಇನ್ನೊಂದು ವಿಷಯ ಪ್ರವಾಸದ ಜಾಹೀರಾತಿನಲ್ಲಿ ಸಿಗುವುದಿಲ್ಲ. ನೀವಿಬ್ಬರೂ ಕಾನೂನಿನ ಪ್ರಕಾರ ಇನ್ನೂ ಗಂಡ ಹೆಂಡತಿಯಲ್ಲ. ಹೆಚ್ಚಿನ ದೇಶಗಳಲ್ಲಿ ಯಾರೂ ಕೇಳುವುದಿಲ್ಲ, ಆದರೆ ಕೆಲವೆಡೆ ನಿಯಮವಿದೆ. ಇಂಡೋನೇಷ್ಯಾ 2022ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಹೊಸ ದಂಡ ಸಂಹಿತೆ 2026ರ ಜನವರಿಯಿಂದ ಜಾರಿಗೆ ಬಂದಿದೆ. ಮದುವೆಯಾಗದವರು ಗಂಡ ಹೆಂಡತಿಯಂತೆ ಕೂಡಿ ಬಾಳುವುದು ಅದರಲ್ಲಿ ಅಪರಾಧ. ಗಂಡ ಅಥವಾ ಹೆಂಡತಿ, ತಂದೆ ತಾಯಿ, ಇಲ್ಲವೇ ಮಕ್ಕಳು ದೂರು ಕೊಟ್ಟರೆ ಮಾತ್ರ ಪ್ರಕರಣವಾಗುತ್ತದೆ, ಹಾಗಾಗಿ ಪ್ರವಾಸಿಗರಿಗೆ ಅಪಾಯ ಕಡಿಮೆ. ಆದರೂ ತಿಳಿದು ಹೋಗುವುದು ಒಳ್ಳೆಯದು. ಯುಎಇ ತನ್ನಲ್ಲಿದ್ದ ಇಂಥ ನಿಯಮವನ್ನು 2020ರಲ್ಲಿ ಸಡಿಲಿಸಿತು. ಸೌದಿ ಅರೇಬಿಯಾ 2019ರಿಂದ ವಿದೇಶಿ ಜೋಡಿಗಳಿಗೆ ವಿವಾಹ ದಾಖಲೆ ಕೇಳದೆ ಕೋಣೆ ಕೊಡುತ್ತಿದೆ. ನೀವು ಆರಿಸಿದ ದೇಶದ ನಿಯಮ ಏನೆಂದು ನಿಮ್ಮ ವಿದೇಶಾಂಗ ಇಲಾಖೆಯ ಪ್ರಯಾಣ ಸೂಚನೆಯಲ್ಲಿ ಓದಿ.

ಮದುವೆಯಾದ ಕೂಡಲೇ ಮಗು ಬೇಕು ಎಂದಿರುವವರು ಸೊಳ್ಳೆಯಿಂದ ಹರಡಿ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಝೀಕಾ ವೈರಾಣು ಇರುವ ಪ್ರದೇಶಗಳನ್ನು ಬಿಡುವುದು ಮೇಲು. ಅಲ್ಲಿಂದ ಬಂದ ಮೇಲೆ ಗಂಡಸರು 3 ತಿಂಗಳು, ಹೆಂಗಸರು 2 ತಿಂಗಳು ಗರ್ಭಧಾರಣೆ ಮುಂದೂಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎಲ್ಲಿಗೆ

ಊರಿನ ಹೆಸರಿಗಿಂತ ಅದರ ಲಕ್ಷಣ ಮುಖ್ಯ. ನಿಮ್ಮಲ್ಲಿಂದ ನೇರ ವಿಮಾನ, ನಾಲ್ಕು ಗಂಟೆಯೊಳಗಿನ ಹಾರಾಟ. ಗಡಿಯಾರದ ವ್ಯತ್ಯಾಸ ಎರಡು ಗಂಟೆಗಿಂತ ಹೆಚ್ಚಿರಬಾರದು. ದೇಹ ಹೊಸ ಹೊತ್ತಿಗೆ ಹೊಂದಲು ಗಂಟೆಗೆ ಸುಮಾರು ಒಂದು ದಿನ ಬೇಕು, ಪೂರ್ವದ ಕಡೆ ಹೋದರೆ ಇನ್ನೂ ಕಷ್ಟ. ಆರು ಗಂಟೆ ವ್ಯತ್ಯಾಸದ ದೇಶಕ್ಕೆ ನಾಲ್ಕು ರಾತ್ರಿಗೆ ಹೋದರೆ ದೇಹ ಅಲ್ಲಿಗೂ ಹೊಂದದೆ, ಬಂದ ಮೇಲೆ ಇಲ್ಲಿಗೂ ಹೊಂದದೆ ಒಂದು ವಾರ ಕಳೆಯುತ್ತದೆ. ನಿದ್ದೆಗೆಟ್ಟ ಇಬ್ಬರ ನಡುವೆ ಜಗಳಕ್ಕೆ ಕಾರಣವೇ ಬೇಡ. ಇನ್ನೊಂದು ಲಕ್ಷಣ: ನಿಲ್ದಾಣದಿಂದ ಊರಿಗೆ ರೈಲು ಅಥವಾ ಬಸ್ ಇರಬೇಕು, ಊರೊಳಗೆ ನಡೆದೇ ತಿರುಗಾಡುವಂತಿರಬೇಕು.

ಅಗ್ಗದ ವಿಮಾನಗಳು ಇಳಿಸುವ ನಿಲ್ದಾಣ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡದೆ ಟಿಕೆಟ್ ತೆಗೆಯಬೇಡಿ. ಪ್ಯಾರಿಸ್ ಎಂದು ಮಾರುವ ಬೊವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 80 ಕಿ.ಮೀ. ಆಚೆ ಇದೆ. ಫ್ರಾಂಕ್‌ಫರ್ಟ್ ಹಾನ್, ಫ್ರಾಂಕ್‌ಫರ್ಟ್ ನಗರದಿಂದ 120 ಕಿ.ಮೀ. ದೂರ. ಇಬ್ಬರ ಬಸ್ ಚಾರ್ಜು, ಎರಡು ಕಡೆಗೆ, ಮೇಲೆ ಮೂರ್ನಾಲ್ಕು ಗಂಟೆ. ಇದನ್ನು ಟಿಕೆಟ್ ದರಕ್ಕೆ ಸೇರಿಸಿ ನೋಡಿದರೆ ಊರ ಹತ್ತಿರದ ನಿಲ್ದಾಣದ ವಿಮಾನವೇ ಎಷ್ಟೋ ಸಲ ಮೇಲಾಗುತ್ತದೆ.

ವಿಮಾನ ಬದಲಿಸಲೇಬೇಕಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ವಿಮಾನ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ತೆಗೆದು ನೀವೇ ಜೋಡಿಸಿದ್ದರೆ, ಎರಡನೆಯ ಕಂಪನಿಯ ದೃಷ್ಟಿಯಲ್ಲಿ ನೀವು ಬರಲಿಲ್ಲ, ಅಷ್ಟೇ. ಹೊಸ ಟಿಕೆಟ್ ನಿಮ್ಮ ಖರ್ಚು. ಜೊತೆಗೆ, ಹೋಗುವ ಟಿಕೆಟ್ ಬಳಸದಿದ್ದರೆ ಅದೇ ಬುಕಿಂಗ್‌ನ ವಾಪಸ್ ಟಿಕೆಟ್ಟೂ ಸಾಮಾನ್ಯವಾಗಿ ರದ್ದಾಗುತ್ತದೆ.

ಬೆಳಗಿನ ಜಾವ ಇಳಿಯುವ ರಾತ್ರಿ ವಿಮಾನ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಸುತ್ತದೆ ಎಂಬ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಬೆಳಿಗ್ಗೆ ಆರಕ್ಕೆ ಇಳಿದರೆ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಎಂಟು ಗಂಟೆ ಬೀದಿಯಲ್ಲಿ. ಮೊದಲ ದಿನವೇ ಮುನಿಸು. ಹಗಲಿನ ವಿಮಾನಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ.

ಹಣ ಎಲ್ಲಿ ಸೋರುತ್ತದೆ

ಮದುವೆಯ ಆಕಸ್ಮಿಕ ಖರ್ಚಿಗೆ ಎತ್ತಿಟ್ಟ ಹಣಕ್ಕೆ ಕೈ ಹಾಕಬೇಡಿ. ಕೊನೆಯ ಎರಡು ವಾರದಲ್ಲಿ ಅದು ಖಂಡಿತ ಬೇಕಾಗುತ್ತದೆ. ಬೇಕಾದರೆ ಮದುವೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಖರ್ಚನ್ನು, ಹೆಚ್ಚುವರಿ ಅಲಂಕಾರವೋ ಅತಿಥಿಗಳಿಗೆ ಹಂಚುವ ಸಣ್ಣ ಉಡುಗೊರೆಯೋ, ತೆಗೆದುಹಾಕಿ ಆ ಮೊತ್ತವನ್ನೇ ಪ್ರವಾಸದ ಮಿತಿ ಮಾಡಿಕೊಳ್ಳಿ. ಮಿತಿ ಎಲ್ಲಿಂದ ಬಂತು ಎಂದು ಇಬ್ಬರಿಗೂ ಗೊತ್ತಿದ್ದರೆ ಅಲ್ಲಿ ಹೋಗಿ ಖರ್ಚಿನ ವಿಷಯಕ್ಕೆ ವಾದ ಬೀಳುವುದಿಲ್ಲ.

ಆ ಮೊತ್ತವನ್ನು ನೂರು ಪಾಲು ಅಂದುಕೊಂಡರೆ, ವಿಮಾನ ಮತ್ತು ನಿಲ್ದಾಣದ ಓಡಾಟಕ್ಕೆ 40, ವಸತಿಗೆ 30, ಊಟ ತಿರುಗಾಟಕ್ಕೆ 20, ಮುಟ್ಟದೆ ಇಡಲು 10. ವಿಮಾನಕ್ಕೇ 50 ದಾಟಿದರೆ ಊರು ದೂರವಾಯಿತು, ಬೇರೆ ಊರು ನೋಡಿ. ಶುಕ್ರವಾರ ಹೊರಟು ಭಾನುವಾರ ಬರುವ ಟಿಕೆಟ್‌ಗಿಂತ ವಾರದ ನಡುವಿನದು ಬಹುಪಾಲು ಅಗ್ಗ.

ನಾಲ್ಕು ರಾತ್ರಿಗೆ ಬಾಡಿಗೆ ಮನೆಗಿಂತ ಸಣ್ಣ ಹೋಟೆಲ್ ಅಥವಾ ಹಾಸ್ಟೆಲ್‌ನ ಪ್ರತ್ಯೇಕ ಕೋಣೆ ಸಾಮಾನ್ಯವಾಗಿ ಲಾಭ. ಲೆಕ್ಕ ಹೀಗೆ, ಡಾಲರೋ ಯುರೋವೋ ಯಾವುದೇ ಇರಲಿ: ರಾತ್ರಿಗೆ 50 ಎಂದು ತೋರಿಸುವ ಮನೆ. ಸ್ವಚ್ಛತಾ ಶುಲ್ಕ 60, ಬುಕಿಂಗ್ ತಾಣದ ಸೇವಾ ಶುಲ್ಕ 30. ನಾಲ್ಕು ರಾತ್ರಿಗೆ ಒಟ್ಟು 290, ಅಂದರೆ ರಾತ್ರಿಗೆ 72 ದಾಟಿತು. ಅದೇ ಮನೆಯಲ್ಲಿ ಹನ್ನೆರಡು ರಾತ್ರಿ ಇದ್ದರೆ ಈ ಶುಲ್ಕ ಹಂಚಿಹೋಗುತ್ತದೆ; ನಿಮಗೆ ಹಂಚಿಹೋಗುವುದಿಲ್ಲ. ಆಮ್‌ಸ್ಟರ್‌ಡ್ಯಾಮ್, ರೋಮ್, ಬಾರ್ಸಿಲೋನಾದಂಥ ಊರುಗಳಲ್ಲಿ ಪ್ರವಾಸಿ ತೆರಿಗೆ ಬೇರೆ ಇದೆ. ಎಷ್ಟೋ ಕಡೆ ಅದನ್ನು ಕೋಣೆಗೆ ಹೋದ ಮೇಲೆ ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಬುಕಿಂಗ್‌ನ ಕೊನೆಯ ಪುಟ ಓದಿದರೆ ಕಾಣುತ್ತದೆ. ಕೋಣೆಯನ್ನು ಉಚಿತ ರದ್ದತಿ ಇರುವ ದರಕ್ಕೇ ತೆಗೆದುಕೊಳ್ಳಿ. ಮದುವೆ ಮನೆಯಲ್ಲಿ ಯಾವಾಗ ಏನು ತುರ್ತು ಬರುತ್ತದೋ ಹೇಳಲಾಗದು. ರದ್ದತಿಯ ಗಡುವು ಸಾಮಾನ್ಯವಾಗಿ ಹೋಟೆಲ್ ಇರುವ ದೇಶದ ಸಮಯಕ್ಕೆ ಲೆಕ್ಕ, ನಿಮ್ಮ ಗಡಿಯಾರಕ್ಕಲ್ಲ.

ಸಾಮಾನಿನ ಮಿತಿ ಕಂಪನಿಗೊಂದು ತರಹ. ಈಜಿಜೆಟ್‌ನಲ್ಲಿ ಉಚಿತವಾಗಿ ಸೀಟಿನಡಿ ಇಡುವ ಬ್ಯಾಗು 45×36×20 ಸೆಂ.ಮೀ. ಒಳಗಿರಬೇಕು. ಏರ್‌ಏಷ್ಯಾದಲ್ಲಿ ಕೈಚೀಲ ಎರಡೂ ಸೇರಿ 7 ಕೆ.ಜಿ. ಗಾಲಿಯ ಗಟ್ಟಿ ಪೆಟ್ಟಿಗೆ ಖಾಲಿಯಿದ್ದಾಗಲೇ ಎರಡೂವರೆ, ಮೂರು ಕೆ.ಜಿ. ತೂಗುತ್ತದೆ, 7ರಲ್ಲಿ ಉಳಿದದ್ದು ನಾಲ್ಕು. ಬಟ್ಟೆಯ ಬೆನ್ನುಚೀಲ ಒಂದು ಕೆ.ಜಿ. ಆಸುಪಾಸು. ಇಬ್ಬರಿಗೂ ಬೆನ್ನುಚೀಲ ಸಾಕು. ಸಾಲದಿದ್ದರೆ ಇಬ್ಬರಿಗೆ ಸೇರಿ ಒಂದು ಚೆಕ್-ಇನ್ ಬ್ಯಾಗನ್ನು ಟಿಕೆಟ್ ತೆಗೆಯುವಾಗಲೇ ಸೇರಿಸಿ. ಗೇಟಿನಲ್ಲಿ ಕಟ್ಟುವ ದರ ಅದಕ್ಕಿಂತ ಎಷ್ಟೋ ಹೆಚ್ಚು. ದ್ರವಗಳ 100 ಮಿ.ಲೀ. ನಿಯಮ ಕೆಲವು ನಿಲ್ದಾಣಗಳಲ್ಲಿ ಸಡಿಲವಾಗಿದ್ದರೂ ಬರುವಾಗಿನ ನಿಲ್ದಾಣದಲ್ಲಿ ಇರಬಹುದು, ಹಾಗಾಗಿ ಸಣ್ಣ ಸೀಸೆಗಳನ್ನೇ ಒಯ್ಯಿರಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಗಂಟೆಯೊಳಗೆ. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಗಂಟೆ, ತೊಂದರೆಯಿಲ್ಲ.

ಕಾರ್ಡ್ ಯಂತ್ರ ಅಥವಾ ಎಟಿಎಂ, ನಿಮ್ಮ ದೇಶದ ಹಣದಲ್ಲಿ ಕಟ್ಟುವಿರಾ, ಇಲ್ಲಿಯ ಹಣದಲ್ಲಾ ಎಂದು ಕೇಳಿದರೆ ಪ್ರತಿ ಸಲವೂ ಅಲ್ಲಿಯ ಹಣವನ್ನೇ ಆರಿಸಿ. ನಿಮ್ಮ ಹಣದಲ್ಲಿ ತೋರಿಸುವ ಮೊತ್ತ ಓದಲು ಸುಲಭ, ಆದರೆ ಅದರೊಳಗೆ ಕೆಟ್ಟ ವಿನಿಮಯ ದರ ಅಡಗಿರುತ್ತದೆ. ಮೆಟ್ರೋ, ಬಸ್‌ಗಳಲ್ಲಿ ಕಾರ್ಡ್ ತಾಗಿಸುವಾಗ ಒಬ್ಬರಿಗೆ ಒಂದು ಕಾರ್ಡ್. ಲಂಡನ್, ಸಿಂಗಪುರದಂಥ ಊರುಗಳಲ್ಲಿ ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಕಾರ್ಡನ್ನೇ ಫೋನಿಗೆ ಸೇರಿಸಿಕೊಂಡಿದ್ದರೆ ಹತ್ತುವಾಗ ಫೋನು, ಇಳಿಯುವಾಗ ಕಾರ್ಡು ತಾಗಿಸಬೇಡಿ. ಲಂಡನ್‌ನಲ್ಲಿ ಅವೆರಡನ್ನೂ ಬೇರೆ ಪ್ರಯಾಣವೆಂದು ಎಣಿಸಿ ಎರಡಕ್ಕೂ ಗರಿಷ್ಠ ದರ ಹಿಡಿಯುತ್ತಾರೆ.

ವಿಮೆಯನ್ನು ಟಿಕೆಟ್ ತೆಗೆದ ದಿನವೇ ಮಾಡಿಸಿ, ಹೊರಡುವ ಹಿಂದಿನ ದಿನ ಮಾಡಿಸಿದರೆ ನಡುವಿನ ದಿನಗಳ ರದ್ದತಿಗೆ ರಕ್ಷಣೆ ಇಲ್ಲ. ಜೋಡಿ ಅಥವಾ ಕುಟುಂಬದ ಪಾಲಿಸಿಯಲ್ಲಿ ಸಂಗಾತಿ ಎಂದರೆ ಮದುವೆಯಾದವರು ಎಂದು ಬರೆದಿರಬಹುದು. ನಿಶ್ಚಿತಾರ್ಥವಾದವರು ಅದರೊಳಗೆ ಬರುವರೇ ಎಂದು ಓದಿ. ಅನುಮಾನವಿದ್ದರೆ ಒಬ್ಬೊಬ್ಬರಿಗೆ ಒಂದೊಂದು. ಕ್ರೆಡಿಟ್ ಕಾರ್ಡಿನ ಜೊತೆ ಬರುವ ವಿಮೆಗೂ ಇದೇ ಮಾತು.

ಹೊರಡುವ ಮುನ್ನ ಮದುವೆಯನ್ನು ಯಾರ ಕೈಗಿಡಬೇಕು

ಪ್ರವಾಸ ಕೆಡುವುದು ಹೆಚ್ಚಾಗಿ ಫೋನಿನಿಂದ. ಫೋನ್ ನೋಡುವುದಿಲ್ಲ ಎಂದು ಶಪಥ ಮಾಡಿ ಉಪಯೋಗವಿಲ್ಲ. ಕರೆ ಬರುವ ಕಾರಣವನ್ನೇ ಮುಂಚೆ ತೆಗೆಯಬೇಕು.

ಎರಡೂ ಮನೆಯವರಿಗೆ ಒಪ್ಪಿಗೆಯಾಗುವ ಒಬ್ಬರನ್ನು ಆರಿಸಿ. ಅಕ್ಕ, ಅಣ್ಣ, ಹತ್ತಿರದ ಗೆಳತಿ, ಯಾರಾದರೂ ಸರಿ, ಒಬ್ಬರೇ. ಅವರಿಗೆ ಒಂದು ಪುಟದ ಕಾಗದ ಕೊಡಿ. ಯಾರ್ಯಾರಿಗೆ ಯಾವ ಕೆಲಸ ಒಪ್ಪಿಸಿದೆ, ಅವರ ಫೋನ್ ಸಂಖ್ಯೆ, ಎಷ್ಟು ಕೊಟ್ಟಾಗಿದೆ, ಎಷ್ಟು ಬಾಕಿ, ಆ ಐದು ದಿನದಲ್ಲಿ ಯಾರು ಏನು ಕೇಳಬಹುದು. ಅದರ ಕೆಳಗೆ ಮೂರು ಸಾಲು ಬರೆಯಿರಿ. ಇಂತಿಷ್ಟು ಮೊತ್ತದೊಳಗಿನದ್ದನ್ನು ನೀವೇ ತೀರ್ಮಾನಿಸಿ, ನಮ್ಮನ್ನು ಕೇಳಬೇಡಿ. ಸ್ಥಳ ಅಥವಾ ದಿನಾಂಕ ಬದಲಾಗುವಂತಿದ್ದರೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ, ಯಾವ ಹೊತ್ತಾದರೂ ಕರೆ ಮಾಡಿ. ಉಳಿದದ್ದೆಲ್ಲ ನಾವು ಬಂದ ಮೇಲೆ. ಈ ಮೂರನೆಯ ಸಾಲೇ ನಿಮ್ಮನ್ನು ಕಾಯುವುದು. ಕೆಲಸ ಒಪ್ಪಿಕೊಂಡವರಿಗೆಲ್ಲ ಹೊರಡುವ ನಾಲ್ಕು ದಿನ ಮುಂಚೆ ನೀವು ಆರಿಸಿದ ಆ ಒಬ್ಬರ ಸಂಖ್ಯೆ ಕಳಿಸಿ, ಇಂಥ ದಿನದಿಂದ ಇಂಥ ದಿನದವರೆಗೆ ಇವರನ್ನು ಕೇಳಿ ಎಂದು ತಿಳಿಸಿ.

ಆ ದಿನಗಳಲ್ಲಿ ಬರುವ ಕಂತುಗಳನ್ನು ಹೊರಡುವ ಮುನ್ನವೇ ಕಟ್ಟಿಬಿಡಿ. ವಿದೇಶದಲ್ಲಿ ಕೂತು ಹಣ ಕಳಿಸಲು ಹೋದಾಗ ಆಗುವುದು ಇದು: ಅಲ್ಲಿಯ ಸಿಮ್ ಹಾಕಿಕೊಂಡಿರುತ್ತೀರಿ, ಬ್ಯಾಂಕಿನ ಒಟಿಪಿ ಊರಿನ ನಂಬರಿಗೆ ಹೋಗುತ್ತದೆ, ಅದು ಚೀಲದೊಳಗೆ ಸಿಮ್ ಡಬ್ಬಿಯಲ್ಲಿದೆ. ಎರಡು ಸಲ ವಿಫಲವಾದ ಮೇಲೆ ವಿದೇಶದಿಂದ ಬಂದ ಪ್ರಯತ್ನವೆಂದು ಬ್ಯಾಂಕು ಕಾರ್ಡನ್ನೇ ತಡೆಹಿಡಿಯಬಹುದು. ಇದಕ್ಕೆ ಪರಿಹಾರ ಸುಲಭ. ಇಂಟರ್ನೆಟ್ಟಿಗೆ ಇ-ಸಿಮ್ ಹಾಕಿಕೊಂಡು ಊರಿನ ಸಿಮ್ಮನ್ನು ಫೋನಿನಲ್ಲೇ ಬಿಡಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಆಗ ಎಸ್‌ಎಂಎಸ್ ಬರುತ್ತದೆ, ಡೇಟಾ ಬಿಲ್ ಏರುವುದಿಲ್ಲ. ಊರಿನ ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗ್ ಸೌಲಭ್ಯ ಚಾಲೂ ಇದೆಯೇ, ಎಸ್‌ಎಂಎಸ್ ಬಂದರೆ ಶುಲ್ಕವಿದೆಯೇ ಎಂದು ಹೊರಡುವ ಮೊದಲು ಕಂಪನಿಯನ್ನು ಕೇಳಿ. ಕಾರ್ಡಿನ ವಿದೇಶ ಬಳಕೆಯನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿ. ಇಬ್ಬರ ಕಾರ್ಡೂ ಒಂದೇ ಪರ್ಸಿನಲ್ಲಿ ಬೇಡ.

ಮದುವೆಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ದಿನಕ್ಕೆ ಒಮ್ಮೆ, ಬೆಳಗಿನ ತಿಂಡಿ ಆದ ಮೇಲೆ, ಒಂದೇ ಫೋನಿನಲ್ಲಿ, ಇಬ್ಬರೂ ಒಟ್ಟಿಗೆ ಕೂತು ಇಪ್ಪತ್ತು ನಿಮಿಷ ನೋಡಿ. ರಾತ್ರಿ ಮಲಗುವ ಮುಂಚೆ ನೋಡಿದರೆ ಆ ರಾತ್ರಿಯ ನಿದ್ದೆ ಹೋಯಿತು. ನಡುವೆ ಮದುವೆಯ ವಿಷಯ ಏನಾದರೂ ಹೊಳೆದರೆ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟು ಮುಚ್ಚಿ. ಬರೆದರೆ ಮನಸ್ಸು ಅದನ್ನು ಬಿಡುತ್ತದೆ, ಇಬ್ಬರ ನಡುವೆ ಚರ್ಚೆಯೂ ಏಳುವುದಿಲ್ಲ.

ಅಲ್ಲಿ

ದಿನಕ್ಕೆ ಒಂದೇ ನಿಗದಿತ ಕಾರ್ಯಕ್ರಮ ಸಾಕು. ಅದಕ್ಕೆ ಸಮಯದ ಟಿಕೆಟ್ ಬೇಕಿದ್ದರೆ ಮುಂಚೆಯೇ ತೆಗೆಯಿರಿ, ವಾರದ ರಜೆ ಯಾವತ್ತು ಎಂದು ನೋಡಿ. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಯುರೋಪಿನ ಇನ್ನೆಷ್ಟೋ ಸಂಗ್ರಹಾಲಯಗಳಿಗೆ ಸೋಮವಾರ. ಒಂದು ದಿನದ ತೀರ್ಮಾನವೆಲ್ಲ ಒಬ್ಬರದು, ಮಾರನೆಯ ದಿನದ್ದು ಇನ್ನೊಬ್ಬರದು ಎಂದು ಹಂಚಿಕೊಳ್ಳಿ. ಎಲ್ಲಿ ತಿನ್ನಬೇಕು, ಯಾವ ದಾರಿ, ಯಾವಾಗ ವಾಪಸ್, ಎಲ್ಲವೂ ಅವತ್ತಿನವರದು. ಅವತ್ತು ಇನ್ನೊಬ್ಬರಿಗೆ ಪೂರ್ತಿ ವಿಶ್ರಾಂತಿ. ತಿಂಗಳುಗಟ್ಟಲೆ ಪ್ರತಿಯೊಂದಕ್ಕೂ ಇಬ್ಬರ ಒಪ್ಪಿಗೆ ಕೇಳಿ ಕೇಳಿ ಸೋತವರಿಗೆ ಇದು ಎಷ್ಟು ಹಗುರವೆನಿಸುತ್ತದೆ ಎಂಬುದು ಮೊದಲ ಮಧ್ಯಾಹ್ನವೇ ಗೊತ್ತಾಗುತ್ತದೆ.

ಮದುವೆ ಮುಂದಿರುವುದರಿಂದ ಕೆಲವನ್ನು ಈ ಸಲ ಬಿಡಲೇಬೇಕು. ಕಡಲ ತೀರದಲ್ಲಿ ಹಾಕುವ ಕಪ್ಪು ಮದರಂಗಿ ಚಿತ್ತಾರ ಅದರಲ್ಲಿ ಮೊದಲನೆಯದು. ನಿಜವಾದ ಮದರಂಗಿ ಕೆಂಪು ಕಂದು ಬಣ್ಣ ಕೊಡುತ್ತದೆ. ಕೆಲವೇ ನಿಮಿಷದಲ್ಲಿ ಅಚ್ಚ ಕಪ್ಪಾಗುವುದಕ್ಕೆ ತಲೆಗೂದಲ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಕೆಲವರಿಗೆ ಅದರಿಂದ ದಿನಗಳ ನಂತರ ಗುಳ್ಳೆ ಎದ್ದು ಗಾಯದ ಗುರುತು ಉಳಿಯುತ್ತದೆ. ಒಮ್ಮೆ ಅಲರ್ಜಿಯಾದವರಿಗೆ ಮುಂದೆ ಕೂದಲಿಗೆ ಬಣ್ಣ ಹಾಕಿಸಿದರೂ ತೀವ್ರ ತೊಂದರೆಯಾಗಬಹುದು. ಮದುವೆಗೆ ಕೂದಲ ಬಣ್ಣ ಹಾಕಿಸುವವರಿದ್ದರೆ ಇನ್ನೂ ಎಚ್ಚರ.

ಬಾಡಿಗೆ ಸ್ಕೂಟರ್ ಎರಡನೆಯದು. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ ದ್ವಿಚಕ್ರ ವಾಹನದ ವರ್ಗಕ್ಕೆ ಮುದ್ರೆ ಇಲ್ಲದಿದ್ದರೆ, ಬಿದ್ದು ಪೆಟ್ಟಾದಾಗ ಪ್ರವಾಸ ವಿಮೆ ಹಣ ಕೊಡದಿರಬಹುದು. ಮುದ್ರೆ ಇದ್ದರೂ ಮುಖ, ಕೈ ತರಚಿಕೊಂಡು ಮದುವೆಗೆ ನಿಲ್ಲುವುದು ಬೇಡ. ಕಡಲಲ್ಲಿ ಮುಖ ಕೆಳಗೆ ಮಾಡಿ ತೇಲುತ್ತ ಮೀನು ನೋಡುವಾಗ ಬೆನ್ನು, ಕಾಲಿನ ಹಿಂಭಾಗ ಗೊತ್ತಾಗದಂತೆ ಸುಡುತ್ತದೆ. ತುಂಬುತೋಳಿನ ಅಂಗಿ ತೊಟ್ಟೇ ನೀರಿಗಿಳಿಯಿರಿ. ಇಲ್ಲದಿದ್ದರೆ ಈಜುಡುಗೆಯ ಪಟ್ಟಿಯ ಬಿಸಿಲ ಗುರುತು ಹೆಗಲ ಮೇಲೆ ವಾರಗಟ್ಟಲೆ ಉಳಿದು ಮದುವೆಯ ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಸ್ಕೂಬಾ ಡೈವ್ ಮಾಡುವುದಾದರೆ ವಾಪಸ್ ವಿಮಾನದ ಹಿಂದಿನ ದಿನ ಬೇಡ. ಒಂದು ಡೈವ್ ನಂತರ ಕನಿಷ್ಠ 12 ಗಂಟೆ, ಹಲವು ಡೈವ್ ನಂತರ 18 ಗಂಟೆ ವಿಮಾನ ಹತ್ತಬಾರದು.

ಮದುವೆಯ ಖರೀದಿ ಅಲ್ಲಿ ಮಾಡಬೇಡಿ. ಒಡವೆ, ಬಟ್ಟೆ ನೋಡಲು ಅಂಗಡಿಗೆ ಹೊಕ್ಕ ಕ್ಷಣ ಮತ್ತೆ ತಯಾರಿ ಶುರು, ಮೇಲೆ ವಾಪಸ್ ಬರುವಾಗ ಸುಂಕದ ಪ್ರಶ್ನೆ. ಮನೆಯ ಒಡವೆಯನ್ನು ಜೊತೆಗೆ ಒಯ್ಯುವುದೂ ಬೇಡ.

ಬಂದ ಮೇಲೆ

ವಾಪಸ್ ಬಂದ ದಿನ ಮತ್ತು ಮಾರನೆಯ ದಿನ ಮದುವೆಯ ಯಾವ ಭೇಟಿಯನ್ನೂ ಇಟ್ಟುಕೊಳ್ಳಬೇಡಿ. ವಿಮಾನ ತಡವಾಗಬಹುದು, ಒಬ್ಬರಿಗೆ ಹೊಟ್ಟೆ ಕೆಟ್ಟಿರಬಹುದು. ಮಾರನೆಯ ಸಂಜೆ ಕೆಲಸ ನೋಡಿಕೊಂಡವರ ಜೊತೆ ಒಂದು ಗಂಟೆ ಕೂತು, ಅವರು ಮಾಡಿದ ತೀರ್ಮಾನಗಳನ್ನು ಕೇಳಿ, ಅವನ್ನು ಮತ್ತೆ ಕೆದಕದೆ ಒಪ್ಪಿಕೊಳ್ಳಿ. ಕೆದಕಿದರೆ ಮುಂದಿನ ಸಲ ಯಾರೂ ನಿಮ್ಮ ಕೆಲಸಕ್ಕೆ ಕೈ ಜೋಡಿಸುವುದಿಲ್ಲ, ಮದುವೆಯ ವಾರದಲ್ಲಿ ಅವರ ಕೈ ಬೇಕೇ ಬೇಕು. ಆಮೇಲೆ ಆ ಸಣ್ಣ ಪುಸ್ತಕ ತೆಗೆದು ಬರೆದಿಟ್ಟದ್ದನ್ನು ಇಬ್ಬರೂ ಓದಿ, ಈಗಲೂ ಮುಖ್ಯವೆನಿಸಿದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ. ಗುಂಪುಗಳ ಮ್ಯೂಟ್ ತೆಗೆಯುವುದು ಅದಾದ ಮೇಲೆ. ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರ ಬಳಿ ಹೋದ ಕೂಡಲೇ ಯಾವ ದೇಶಕ್ಕೆ ಹೋಗಿದ್ದಿರಿ, ಯಾವ ದಿನ ಬಂದಿರಿ ಎಂದು ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರು ನಿರ್ಧರಿಸುವುದು ಅದರ ಮೇಲೆ.